ಎಕ್ಸ್-ರೇ ತೆಗೆಯುವವರ ಕುಶಲತೆಯನ್ನು ಅರಿಯುವುದು ಹೇಗೆ?



ಎತ್ತು ಕೊಳ್ಳುವಾಗ ನೀವು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತೀರಿ. ಬಿತ್ತನೆಯ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ನಿಂತಾಗ ಮಾತ್ರ, "ಇದು ಓದಿದವರ ವಿಷಯ, ನಮಗೇನು ತಿಳಿದೀತು?" ಎಂದು ಸುಮ್ಮನಾಗುತ್ತೀರಿ. ಈ ಸಂಕೋಚ ಸಲ್ಲದು. ಯಂತ್ರದ ಒಳಗುಟ್ಟು ನಿಮಗೆ ತಿಳಿಯಬೇಕಾಗಿಲ್ಲ. ಅದನ್ನು ನಡೆಸುವ ತಂತ್ರಜ್ಞರು ತಮ್ಮ ಕೆಲಸವನ್ನು ಕ್ರಮವರಿತು ಮಾಡುತ್ತಿರುವರೇ ಎಂಬುದನ್ನು ಗುರುತಿಸಲು ಸಾಮಾನ್ಯ ತಿಳಿವಳಿಕೆಯೇ ಸಾಕು.

ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಅವರು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಮಾಂಸವನ್ನು ಸುಲಭವಾಗಿ ಹಾದುಹೋಗುತ್ತವೆ; ಎಲುಬು ಮತ್ತು ಲೋಹಗಳು ಅವನ್ನು ತಡೆಯುತ್ತವೆ. ಹೀಗೆ ಮೂಡುವ ನೆರಳೇ ಎಕ್ಸ್-ರೇ ಚಿತ್ರ. ಚಿತ್ರ ತೆಗೆಯುವವರು ತಂತ್ರಜ್ಞರು. ಅದನ್ನು ಓದಿ ಅರ್ಥ ಹೇಳುವವರು ವೈದ್ಯರು. ನೆರಳೇ ತಪ್ಪಾಗಿ ಬಿದ್ದರೆ ಎಂತಹ ಪರಿಣತ ವೈದ್ಯರೂ ಸರಿಯಾದ ನಿರ್ಣಯಕ್ಕೆ ಬರಲಾರರು. ಆದ್ದರಿಂದ ಕುಶಲತೆಯನ್ನು ಯಂತ್ರದ ಗಾತ್ರದಲ್ಲಿ ಹುಡುಕದೆ, ಅದನ್ನು ನಡೆಸುವವರ ನಡವಳಿಕೆಯಲ್ಲಿ ಹುಡುಕಬೇಕು.

ಮೊದಲನೆಯದಾಗಿ, ಬಲ್ಲವರು ನಿಮ್ಮ ಹೆಸರು, ವಯಸ್ಸು, ಊರುಗಳನ್ನು ಕೇಳಿ ವೈದ್ಯರ ಚೀಟಿಯೊಡನೆ ತಾಳೆ ನೋಡುತ್ತಾರೆ. ಒಂದೇ ದಿನ ಇಬ್ಬರು ಲಕ್ಷ್ಮಮ್ಮಂದಿರು ಆಸ್ಪತ್ರೆಗೆ ಬರುವುದು ಅಪರೂಪವೇನಲ್ಲ. ಒಬ್ಬರ ಚಿತ್ರ ಇನ್ನೊಬ್ಬರ ಕೈಸೇರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಅಂತೆಯೇ ಚಿತ್ರದಲ್ಲಿ ಎಡ-ಬಲಗಳನ್ನು ತಿಳಿಸುವ ಗುರುತೂ ಇರಲೇಬೇಕು.

ಎರಡನೆಯದು, ಸ್ತ್ರೀಯರ ವಿಷಯದಲ್ಲಿ ಅತಿ ಮುಖ್ಯವಾದುದು. "ಕಳೆದ ಮುಟ್ಟು ಯಾವಾಗ ಆಯಿತು? ಗರ್ಭ ನಿಂತಿರಬಹುದೇ?" ಎಂಬ ಪ್ರಶ್ನೆಯನ್ನು ಪರರ ಕಿವಿಗೆ ಬೀಳದಂತೆ ಕೇಳುವುದು ತಂತ್ರಜ್ಞರ ಕರ್ತವ್ಯ. ಇದನ್ನು ಅವಮರ್ಯಾದೆಯೆಂದು ಭಾವಿಸಬೇಡಿರಿ. ಗರ್ಭಿಣಿಯಾಗಿದ್ದಾಗ ಹೊಟ್ಟೆಗೆ ಎಕ್ಸ್-ರೇ ತೆಗೆಸಿಕೊಂಡ ತಾಯಂದಿರ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಂಡುಬರುವುದನ್ನು ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೂವರ್ಟ್ ಅವರು 1956ರಲ್ಲಿಯೇ ಪ್ರಕಟಪಡಿಸಿದರು. ಅಂದಿನಿಂದ ಈ ಪ್ರಶ್ನೆಗೆ ವಿಶೇಷ ಮಹತ್ವ ಬಂದಿದೆ. ಅತ್ತೆ ಅಥವಾ ಮೈದುನ ಜೊತೆಯಲ್ಲಿದ್ದರೆಂದು ನಾಚಿ ಸುಳ್ಳು ಹೇಳಿದರೆ ತಂತ್ರಜ್ಞರ ಎಲ್ಲ ಕುಶಲತೆಯೂ ವ್ಯರ್ಥ. ಅವರು ಕೇಳಲು ಮರೆತರೆ ನೀವೇ ಹೇಳಿರಿ. ಹೆಂಡತಿಗೆ ಸಂಕೋಚವಾದರೆ ಪತಿಯು ಹೇಳಲಿ.

ಮೂರನೆಯದಾಗಿ, ಎದೆಯ ಚಿತ್ರಕ್ಕೆ ಮುನ್ನ ಸರ, ತಾಯಿತ, ಪಿನ್ನುಗಳನ್ನು ತೆಗೆದಿಡಲು ಹೇಳಿ, ಜಡೆಯನ್ನು ಮೇಲೆತ್ತಿ ಕಟ್ಟಿಸುತ್ತಾರೆ. ದಪ್ಪ ಜಡೆಯ ನೆರಳು ಶ್ವಾಸಕೋಶದ ಮೇಲ್ಭಾಗದಲ್ಲಿ ಬಿದ್ದರೆ ಕ್ಷಯದ ಕಲೆಯೆಂಬ ಭ್ರಮೆಗೆ ಎಡೆಯಾಗಬಹುದು. ಇಲ್ಲದ ರೋಗದ ಶಂಕೆಯಿಂದ ಸೊಸೆಯೊಬ್ಬಳು ಮನೆಯವರ ಕಣ್ಣಿನಲ್ಲಿ ಹಗುರಾಗುವುದೆಂದರೆ ಸಣ್ಣ ಮಾತೇ? ಮಾಂಗಲ್ಯವನ್ನು ತೆಗೆಯಲು ಮನಸ್ಸು ಒಪ್ಪದಿದ್ದರೆ ಹಾಗೆಂದು ಹೇಳಿರಿ. ತಿಳಿದ ತಂತ್ರಜ್ಞರು ಗದರಿಸದೆ, ಅದನ್ನು ಚಿತ್ರದ ಎಲ್ಲೆಯಿಂದಾಚೆ ಸರಿಸುವ ಉಪಾಯವನ್ನು ತಿಳಿಸುತ್ತಾರೆ.

ನಾಲ್ಕನೆಯದಾಗಿ, ಚಿತ್ರ ತೆಗೆಯುವ ಮೊದಲು ನಿಮ್ಮ ಮೈಮೇಲೆ ಬೆಳಕಿನ ಚೌಕವೊಂದು ಬೀಳುತ್ತದೆ. ಕಿರಣಗಳು ಬೀಳುವ ಎಲ್ಲೆಯೇ ಅದು. ಅಂಗೈಯ ಚಿತ್ರಕ್ಕೆ ಅಂಗೈಯಷ್ಟೇ ಚೌಕವಿದ್ದರೆ ಕೆಲಸ ಬಲ್ಲವರೆಂದು ತಿಳಿಯಿರಿ. ಎದೆಯ ಚಿತ್ರವಾದರೆ "ಉಸಿರನ್ನು ಪೂರ್ತಿ ಎಳೆದು ಹಿಡಿಯಿರಿ" ಎಂದು ಮೊದಲೇ ಹೇಳಿ, ಅಭ್ಯಾಸ ಮಾಡಿಸುತ್ತಾರೆ. ಅರೆ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತನ ಹೃದಯವೂ ಊದಿಕೊಂಡಂತೆ ತೋರಬಹುದು.

ಐದನೆಯದಾಗಿ, ಬಾಗಿಲು ಮುಚ್ಚಿ, ಸಂಬಂಧವಿಲ್ಲದವರನ್ನು ಹೊರಗೆ ಕಳುಹಿಸಿ, ತಾವೂ ತಡಿಕೆಯ ಹಿಂದೆ ನಿಲ್ಲುತ್ತಾರೆ. ಅದು ನಿಮ್ಮ ರೋಗಕ್ಕೆ ಅಂಜಿ ಮಾಡುವ ಕೆಲಸವಲ್ಲ. ದಿನವೂ ಹಲವಾರು ಚಿತ್ರಗಳನ್ನು ತೆಗೆಯುವವರು ತಮ್ಮನ್ನು ತಾವು ಕಾಪಾಡಿಕೊಳ್ಳಲೇಬೇಕು. ಅಳುವ ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಒಳಗಿರಬೇಕಾದರೆ ಅವರಿಗೆ ಸೀಸದ ಹೊದಿಕೆಯನ್ನು ಕೊಡಬೇಕು. ಗರ್ಭಿಣಿಯು ಆ ಕೆಲಸಕ್ಕೆ ನಿಲ್ಲಬಾರದು. ತಂದೆ ಅಥವಾ ಅಜ್ಜಿ ನಿಲ್ಲಲಿ.

ಕೊನೆಯದಾಗಿ, ಬಲ್ಲ ತಂತ್ರಜ್ಞರು ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೋಡಿಯೇ ನಿಮ್ಮನ್ನು ಕಳುಹಿಸುತ್ತಾರೆ. ಮತ್ತೊಮ್ಮೆ ತೆಗೆಯಬೇಕಾದರೆ ಕಾರಣ ಹೇಳುತ್ತಾರೆ. ಆದರೆ ರೋಗ ಇಂಥದೇ ಎಂದು ಅವರು ತೀರ್ಪು ಕೊಡುವುದಿಲ್ಲ. ಅಪಾಯದ ಚಿಹ್ನೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸುತ್ತಾರೆ. ಎರಡು ವಾರ ಮೀರಿದ ಕೆಮ್ಮಿಗೆ ಎಕ್ಸ್-ರೇ ಒಂದೇ ಸಾಲದು. ನೆರಳು ಸಂಶಯವನ್ನು ಹುಟ್ಟಿಸುತ್ತದೆ, ಕಫದ ಪರೀಕ್ಷೆ ಅದನ್ನು ಬಗೆಹರಿಸುತ್ತದೆ.

ಇಲ್ಲಿ ಒಂದು ಭಯವನ್ನು ನಿವಾರಿಸುವುದು ಅಗತ್ಯ. ಎಕ್ಸ್-ರೇ ಆದ ಮೇಲೆ ಗರ್ಭ ನಿಂತಿರುವುದು ತಿಳಿದು, ಮಗು ಅಂಗವಿಕಲವಾದೀತೆಂದು ಹೆದರಿ ಗರ್ಭಪಾತಕ್ಕೆ ಧಾವಿಸುವವರುಂಟು. ದಯವಿಟ್ಟು ಹಾಗೆ ಮಾಡಬೇಡಿರಿ. ಗರ್ಭಕ್ಕೆ ತಲುಪಿದ ವಿಕಿರಣ 100 ಮಿಲಿಗ್ರೇ ಎಂಬ ಅಳತೆಗಿಂತ ಕಡಿಮೆಯಿದ್ದಲ್ಲಿ, ಆ ಕಾರಣಕ್ಕಾಗಿ ಗರ್ಭವನ್ನು ತೆಗೆಸುವುದು ಯುಕ್ತವಲ್ಲವೆಂದು ಅಂತರರಾಷ್ಟ್ರೀಯ ತಜ್ಞರ ಮಂಡಲಿ ತಿಳಿಸಿದೆ. ಕ್ರಮವಾಗಿ ತೆಗೆದ ಒಂದು ಎದೆಯ ಚಿತ್ರದಿಂದ ಗರ್ಭಕ್ಕೆ ತಲುಪುವುದು ಅದರ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಆದುದರಿಂದ ಮೊದಲು ವೈದ್ಯರನ್ನು ಕಾಣಿರಿ. ಗರ್ಭಿಣಿಗೆ ಅವಶ್ಯವಾದ ಎಕ್ಸ್-ರೇ ನಿರಾಕರಿಸಿ ಕ್ಷಯವನ್ನು ಒಳಗೇ ಬೆಳೆಯಗೊಡುವುದು ತಾಯಿ-ಮಗು ಇಬ್ಬರಿಗೂ ಹೆಚ್ಚಿನ ಕೇಡು.

ಇನ್ನು ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ವಿಷಯ. ಅದರಲ್ಲಿ ಕ್ಷ-ಕಿರಣಗಳಿಲ್ಲ, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಚಿತ್ರ ಮೂಡುತ್ತದೆ. ಗರ್ಭಿಣಿಯ ಸ್ಕ್ಯಾನಿಂಗನ್ನು ನೋಂದಾಯಿತ ಕೇಂದ್ರದಲ್ಲಿ, ಅರ್ಹತೆ ಪಡೆದ ವೈದ್ಯರೇ ಮಾಡಬೇಕು, ಸಹಾಯಕರು ಮಾಡಲಾಗದು. ಭ್ರೂಣದ ಲಿಂಗವನ್ನು ತಿಳಿಸುವುದು 1994ರ ಕಾಯಿದೆಯಂತೆ ಅಪರಾಧವೆಂಬ ಫಲಕ ಅಲ್ಲಿ ನಿಮ್ಮ ಭಾಷೆಯಲ್ಲಿಯೇ ಇರಬೇಕು. ಸನ್ನೆಯಿಂದಲೋ ಸಿಹಿಯ ಹೆಸರಿನಿಂದಲೋ ಗಂಡು-ಹೆಣ್ಣು ಸೂಚಿಸುವವನನ್ನು ಚತುರನೆಂದು ಹೊಗಳಬೇಡಿರಿ. ಅವನು ತನ್ನ ವಿದ್ಯೆಯನ್ನು ಮಾರಿಕೊಂಡವನು. ಹಾಗೆ ತಿಳಿಸಿದವನಿಗೆ ಶಿಕ್ಷೆಯುಂಟು; ಲಿಂಗ ಪತ್ತೆಗಾಗಿ ನೆರವು ಕೋರಿ ಹೋದ ಪತಿ ಮತ್ತು ಬಂಧುಗಳಿಗೂ ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ ಸೆರೆಮನೆ ಹಾಗೂ 50,000 ರೂಪಾಯಿಗಳವರೆಗೆ ದಂಡವುಂಟು. ಒತ್ತಾಯಕ್ಕೊಳಗಾದ ಗರ್ಭಿಣಿಗೆ ಈ ಶಿಕ್ಷೆಯಿಲ್ಲ.

ಸೋದರ ಸೋದರಿಯರೇ, ಆಸ್ಪತ್ರೆಗೆ ಹೋಗುವಾಗ ಹಳೆಯ ಚಿತ್ರಗಳನ್ನೂ ಚೀಟಿಗಳನ್ನೂ ಜೊತೆಯಲ್ಲಿ ಒಯ್ಯಿರಿ. ಮತ್ತೆ ತೆಗೆಯುವ ಅಗತ್ಯವೇ ಬೀಳದಿರಬಹುದು. ಇಲ್ಲಿ ಹೇಳಿದ ಗುರುತುಗಳಲ್ಲಿ ಯಾವುದಾದರೂ ಕಾಣದಿದ್ದರೆ ವಿನಯದಿಂದ ಕೇಳಿರಿ. ಉತ್ತರ ದೊರೆಯದಿದ್ದರೆ ಆಸ್ಪತ್ರೆಯ ವೈದ್ಯಾಧಿಕಾರಿಗಳಿಗೆ ತಿಳಿಸಿರಿ. ಕೆಲಸ ಬಲ್ಲ ತಂತ್ರಜ್ಞರು ನಿಮ್ಮ ಪ್ರಶ್ನೆಗೆ ಸಿಡುಕುವುದಿಲ್ಲ. ಕೇಳುವ ದಂಪತಿಗಳೂ ವಿವರಿಸುವ ತಂತ್ರಜ್ಞರೂ ಕೂಡಿದಲ್ಲಿ ನೆರಳು ಸರಿಯಾಗಿ ಬೀಳುತ್ತದೆ, ರೋಗ ಬೇಗ ತಿಳಿಯುತ್ತದೆ, ಗರ್ಭದ ಶಿಶುವೂ ಕ್ಷೇಮವಾಗಿರುತ್ತದೆ.