ಮೋಟಾರು ಪಂದ್ಯದ ಒಂದು ಗರಡಿಮನೆ

2025ನೆಯ ಇಸವಿ ಮೇ ತಿಂಗಳಿನಲ್ಲಿ ಮೊನಾಕೊ ಪಟ್ಟಣದ ಬೀದಿಗಳಲ್ಲಿ ನಡೆದ ಫಾರ್ಮುಲಾ ಟೂ ಮೋಟಾರು ಪಂದ್ಯದಲ್ಲಿ ಬೆಂಗಳೂರಿನ ತರುಣ ಕುಶ್ ಮೈನಿ ಮೊದಲಿಗನಾಗಿ ಬಂದ ಸುದ್ದಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅಲ್ಲಿ ಆ ದರ್ಜೆಯ ಪಂದ್ಯ ಗೆದ್ದ ಮೊದಲ ಭಾರತೀಯ ಆತ. ಪತ್ರಿಕೆಗಳು ಹುಡುಗನನ್ನು ಹೊಗಳಿದವು, ನ್ಯಾಯವೇ. ಆದರೆ ಆತ ಕುಳಿತಿದ್ದ ಕಾರು ಯಾರದು, ಅದನ್ನು ಸಜ್ಜುಮಾಡಿ ಬೀದಿಗಿಳಿಸಿದವರು ಯಾರು ಎಂಬುದನ್ನು ಕೇಳಿದವರು ಕಡಮೆ. ಆ ಕಾರು ಡ್ಯಾಮ್ಸ್ ಎಂಬ ಫ್ರೆಂಚ್ ತಂಡದ್ದು. ನಾನಿಂದು ನಿಮಗೆ ಹೇಳಹೊರಟಿರುವುದು ಆ ತಂಡದ ಕಥೆಯನ್ನು.

ಕುಸ್ತಿಯ ಪರಿಚಯವಿರುವವರಿಗೆ ಇದನ್ನು ತಿಳಿಸುವುದು ಸುಲಭ. ದಸರೆಯ ಅಖಾಡದಲ್ಲಿ ಗೆದ್ದ ಪೈಲ್ವಾನನ ಹೆಸರನ್ನು ಊರೆಲ್ಲ ಹೇಳುತ್ತದೆ. ಅವನು ಮಣ್ಣು ಹೊತ್ತು ಸಾಮು ಮಾಡಿದ ಗರಡಿಯ ಹೆಸರು ಆ ಬೀದಿಯವರಿಗಷ್ಟೇ ಗೊತ್ತು. ಒಂಟಿ ಆಸನದ, ಚಕ್ರಗಳು ಹೊರಗೇ ಕಾಣುವ ಪಂದ್ಯದ ಕಾರುಗಳಲ್ಲಿ ಫಾರ್ಮುಲಾ ಒನ್ ಎಂಬುದು ದೊಡ್ಡ ಅಖಾಡ. ಅದಕ್ಕೆ ಮುಂಚಿನ ಮೆಟ್ಟಿಲನ್ನು 1985ರಿಂದ ಫಾರ್ಮುಲಾ 3000 ಎಂದೂ, 2005ರಿಂದ ಜಿಪಿ ಟೂ ಎಂದೂ, 2017ರಿಂದ ಫಾರ್ಮುಲಾ ಟೂ ಎಂದೂ ಕರೆದಿದ್ದಾರೆ. ಹೆಸರು ಬದಲಾದರೂ ಮೆಟ್ಟಿಲು ಅದೇ. ಡ್ಯಾಮ್ಸ್ ತಂಡ ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದಿರುವುದು ಈ ಮೆಟ್ಟಿಲಿನ ಮೇಲೆಯೇ.

ಪ್ಯಾರಿಸ್ ನಗರಕ್ಕೆ ನೈಋತ್ಯದಲ್ಲಿ, ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ ಲ ಮಾನ್ ಎಂಬ ಊರಿದೆ. ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ನಡೆಯುವ ಕಾರಿನ ಪಂದ್ಯದಿಂದ ಅದು ಪ್ರಸಿದ್ಧ. ಅಲ್ಲಿ 1988ರಲ್ಲಿ ಝಾನ್ ಪೋಲ್ ದ್ರಿಯೊ ಎಂಬವರೂ ರೆನೆ ಆರ್ನೂ ಎಂಬವರೂ ಕೂಡಿ ತಂಡ ಕಟ್ಟಿದರು. ದ್ರಿಯೊ-ಆರ್ನೂ ಮೋಟಾರ್ ಸ್ಪೋರ್ಟ್ ಎಂಬುದರ ಮೊದಲಕ್ಷರಗಳೇ ಡ್ಯಾಮ್ಸ್. ಆರ್ನೂ ಫಾರ್ಮುಲಾ ಒನ್‌ನಲ್ಲಿ ಏಳು ಪಂದ್ಯ ಗೆದ್ದ ಚಾಲಕ. 1979ರಲ್ಲಿ ದಿಜೊಂ ಊರಿನಲ್ಲಿ ಕೆನಡಾದ ಜೀಲ್ ವಿಲ್ನೆವ್‌ನೊಡನೆ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಎರಡನೆಯ ಸ್ಥಾನಕ್ಕೆ ಹೋರಾಡಿದವನು ಈತನೇ. ತಂಡ ಕಟ್ಟಿದಾಗ ಆತ ಇನ್ನೂ ಲೀಜಿಯೇ ಕಾರನ್ನು ಓಡಿಸುತ್ತಿದ್ದ. ಕಾಲಕ್ರಮದಲ್ಲಿ ಹೊಣೆಯೆಲ್ಲ ದ್ರಿಯೊ ಅವರ ಹೆಗಲಿಗೆ ಬಂತು.

ಫ್ರಾನ್ಸಿನಲ್ಲಿ ಎಳೆಯ ಚಾಲಕರಿಗೆ ಆಗ ಕೊರತೆಯಿರಲಿಲ್ಲ. ಎಲ್ಫ್ ಎಂಬ ಎಣ್ಣೆಯ ಕಂಪೆನಿ ಚಾಲಕ ಶಾಲೆಗಳಲ್ಲಿ ಸ್ಪರ್ಧೆಯಿಟ್ಟು, ಗೆದ್ದವರಿಗೆ ಮುಂದಿನ ಓಟಕ್ಕೆ ನೆರವು ಕೊಡುತ್ತಿತ್ತು. ಆಲೆಂ ಪ್ರೋಸ್ಟ್ ಬೆಳಕಿಗೆ ಬಂದದ್ದೂ ಹಾಗೆಯೇ. ಹೀಗೆ ಬೆಳೆದ ಹುಡುಗರಿಗೆ ಕೊನೆಯ ಪಟ್ಟು ಕಲಿಸುವವರು ಬೇಕಾಗಿತ್ತು. 1989ರಲ್ಲಿ ಡ್ಯಾಮ್ಸ್ ತಂಡದ ಎರಿಕ್ ಕೊಮಾಸ್ 39 ಅಂಕ ಗಳಿಸಿದ. ಜಾರ್ಡನ್ ತಂಡದ ಝಾನ್ ಅಲೇಸಿಯೂ 39. ಅಲೇಸಿ ಗೆದ್ದ ಪಂದ್ಯ ಮೂರು, ಕೊಮಾಸ್ ಗೆದ್ದದ್ದು ಎರಡು; ಪಟ್ಟ ಅಲೇಸಿಗೆ ಹೋಯಿತು. ಮರುವರ್ಷ ಕೊಮಾಸ್ ಅದನ್ನು ಗೆದ್ದೇಬಿಟ್ಟ. 1993ರಲ್ಲಿ ಒಲಿವಿಯೇ ಪಾನಿಸ್ ಒಂದೇ ಒಂದು ಅಂಕದ ಅಂತರದಲ್ಲಿ ಚಾಂಪಿಯನ್ ಆದ. 1994ರಲ್ಲಿ ಝಾನ್ ಕ್ರಿಸ್ತೋಫ್ ಬುಲ್ಯೋನ್ ಕೊನೆಯ ಮೂರು ಪಂದ್ಯಗಳನ್ನೂ ಸಾಲಾಗಿ ಗೆದ್ದು ಪಟ್ಟವೇರಿದ. ಗೆದ್ದ ಮೂವರೂ ತಂಡ ಬಿಟ್ಟು ಮೇಲಕ್ಕೆ ಹೋದರು. ಹೋಗಲೆಂದೇ ಬಂದವರು ಅವರು.

ಶಿಷ್ಯರು ಹತ್ತಿದ ಅಟ್ಟವನ್ನು ತಾನೂ ಹತ್ತಬೇಕೆಂದು ಗುರುವಿಗೆ ಅನ್ನಿಸದೆ ಇರುತ್ತದೆಯೇ? ದ್ರಿಯೊ ಅವರಿಗೂ ಅನ್ನಿಸಿತು. ಇಂಗ್ಲೆಂಡಿನ ರೇನಾರ್ಡ್ ಕಂಪೆನಿಯ ನೆರವಿನಿಂದ ಅವರು ಫಾರ್ಮುಲಾ ಒನ್ ಕಾರೊಂದನ್ನೇ ಮಾಡಿಸಿದರು. ಜಿಡಿ-01 ಎಂದು ಅದರ ಹೆಸರು. 1995ರಲ್ಲಿ ಅದನ್ನು ಓಡಿಸಿ ನೋಡಿದ್ದೂ ಆಯಿತು. ಆದರೆ ಬೇಕಾದಷ್ಟು ಹಣ ಕೂಡಿಬರಲಿಲ್ಲ. ಅದರ ಮೇಲೆ 1996ರಿಂದ ಹೊಸ ನಿಯಮ ಬಂತು: ಅತಿ ವೇಗದ ಕಾರು ಒಂದು ಸುತ್ತಿಗೆ ನೂರು ಸೆಕೆಂಡು ತೆಗೆದುಕೊಂಡರೆ, ನೂರೇಳು ಸೆಕೆಂಡಿನೊಳಗೆ ಬರಲಾರದ ಕಾರಿಗೆ ಪಂದ್ಯದಲ್ಲಿ ಜಾಗವಿಲ್ಲ. ದ್ರಿಯೊ ಕಾರನ್ನು ಒಳಗಿಟ್ಟರು. ಅದು ಒಂದು ಪಂದ್ಯದಲ್ಲೂ ಓಡಲಿಲ್ಲ.

ಇದನ್ನು ಸೋಲೆನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇದೇ ಮೆಟ್ಟಿಲಿನಿಂದ ಮೇಲೆ ಹಾರಿದ ಇಂಗ್ಲೆಂಡಿನ ಪೆಸಿಫಿಕ್ ತಂಡ ಎರಡು ವರ್ಷ ತಿಣುಕಾಡಿ 1995ರ ಕೊನೆಗೆ ಕಣ ಬಿಟ್ಟಿತು. ಇಟಲಿಯ ಫೋರ್ಟಿ ತಂಡ 1996ರ ನಡುವಿನಲ್ಲೇ ಮುಚ್ಚಿತು. 1991ರಲ್ಲಿ ಮೇಲೆ ಹೋದ ಜಾರ್ಡನ್ ಬದುಕಿಕೊಂಡಿತು, ನಿಜ. ಎಲ್ಲರೂ ಜಾರ್ಡನ್ ಆಗುವುದಿಲ್ಲ. ಅತ್ತ 1996ರ ಮೊನಾಕೊ ಗ್ರಾಂಪ್ರಿಯಲ್ಲಿ, ಹದಿನಾಲ್ಕನೆಯ ಸ್ಥಾನದಿಂದ ಹೊರಟು ಮಳೆಯ ನಡುವೆ ಗೆದ್ದವನು ಪಾನಿಸ್. ದ್ರಿಯೊ ಅವರ ಕಾರು ಕಾಣದ ಗೆಲುವನ್ನು ಅವರ ಶಿಷ್ಯ ಕಂಡ.

ಆಮೇಲೆ ಕೆಲವು ವರ್ಷ ತಂಡ ದೂರದ ಓಟದ ಕಾರುಗಳನ್ನೂ ನೋಡಿಕೊಂಡಿತು. 2005-06ರಲ್ಲಿ, ದೇಶದೇಶಗಳ ನಡುವೆ ನಡೆದ ಎ ಒನ್ ಪಂದ್ಯಮಾಲೆಯಲ್ಲಿ ಫ್ರಾನ್ಸಿನ ಕಾರನ್ನು ನಡೆಸಿ ಗೆಲ್ಲಿಸಿತು. ನಾನು ಸ್ವಲ್ಪ ನಿಂತು ಹೇಳಬೇಕೆಂದಿರುವುದು ರೊಮಾಂ ಗ್ರೋಜಾನ್‌ನ ವಿಷಯ. 2009ರಲ್ಲಿ ಹಂಗಾಮಿನ ನಡುವೆ ರೆನೊ ಫಾರ್ಮುಲಾ ಒನ್ ತಂಡಕ್ಕೆ ಸೇರಿ ಏಳು ಪಂದ್ಯ ಓಡಿದ ಈತನಿಗೆ ಒಂದೂ ಅಂಕ ಬರಲಿಲ್ಲ. ಮರುವರ್ಷಕ್ಕೆ ಕರೆಯೂ ಬರಲಿಲ್ಲ. ಮೇಲೆ ಹೋಗಿ ಬಿದ್ದವನನ್ನು ಕೆಳಗಿನವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸಬರು ಸಾಲಾಗಿ ಕಾದಿರುತ್ತಾರೆ. ಡ್ಯಾಮ್ಸ್ ಅವನನ್ನು ಕರೆದು ಕೂರಿಸಿತು. 2010ರಲ್ಲಿ ಆಟೋ ಜಿಪಿ ಎಂಬ ಪಂದ್ಯಮಾಲೆಯನ್ನೂ, 2011ರಲ್ಲಿ ಜಿಪಿ ಟೂ ಪಟ್ಟವನ್ನೂ ಆತ ಗೆದ್ದ. 2012ರಲ್ಲಿ ಲೋಟಸ್ ತಂಡದ ಮೂಲಕ ಮತ್ತೆ ಮೇಲೆ ಹೋದ.

ಮರುವರ್ಷವೇ ಅದೇ ಗರಡಿಯಿಂದ ಚಾಂಪಿಯನ್ ಆದವನು ಇಟಲಿಯ ದಾವಿದೆ ವಾಲ್ಸೆಕ್ಕಿ. ಅವನ ಪಾಡು ಬೇರೆ. 2013ರಲ್ಲಿ ಲೋಟಸ್ ತಂಡದ ಮೀಸಲು ಚಾಲಕನಾಗಿ ವರ್ಷವೆಲ್ಲ ಕಾದ. ಕೊನೆಯ ಎರಡು ಪಂದ್ಯಗಳಿಗೆ ಕಿಮಿ ರೈಕೊನೆನ್ ಬಾರದೆಹೋದಾಗ ಆಸನ ಖಾಲಿಯೂ ಆಯಿತು. ತಂಡದವರು ಹೊರಗಿನಿಂದ ಅನುಭವಸ್ಥನಾದ ಹೈಕಿ ಕೊವಲೈನೆನ್‌ನನ್ನು ಕರೆಸಿಕೊಂಡರು. ವಾಲ್ಸೆಕ್ಕಿ ಫಾರ್ಮುಲಾ ಒನ್ ಪಂದ್ಯವನ್ನು ಒಂದು ಸಲವೂ ಓಡಲಿಲ್ಲ. ಗರಡಿ ಪಟ್ಟು ಕಲಿಸಬಹುದು. ಅಖಾಡದ ಬಾಗಿಲಿನ ಕೀಲಿಕೈ ಅದರ ಬಳಿ ಇರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ನಿಮಗೆ ಬರಬಹುದು. ಈ ದರ್ಜೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು. ಮೈಕಟ್ಟು ಇಟಲಿಯ ದಲ್ಲಾರಾದ್ದು, ಎಂಜಿನು ಫ್ರಾನ್ಸಿನ ಮೆಕಾಕ್ರೋಮ್‌ನದು, ಟೈರು ಪಿರೆಲ್ಲಿಯದು. ಎಂಜಿನನ್ನು ಬಿಚ್ಚಿ ಕೈಯಾಡಿಸುವಂತಿಲ್ಲ. ಹಾಗಾದರೆ ತಂಡ ಮಾಡುವ ಕೆಲಸವೇನು? ಒಂದೇ ಅಕ್ಕಿಯನ್ನು ಹತ್ತು ಮನೆಗೆ ಕೊಟ್ಟರೆ ಹತ್ತು ಮನೆಯ ಅನ್ನವೂ ಒಂದೇ ಆಗಿರುತ್ತದೆಯೇ? ಸ್ಪ್ರಿಂಗು ಎಷ್ಟು ಬಿಗಿಯಿರಬೇಕು, ನೆಲದಿಂದ ಕಾರು ಎಷ್ಟು ಎತ್ತರವಿರಬೇಕು, ರೆಕ್ಕೆ ಎಷ್ಟು ಬಾಗಿರಬೇಕು, ಟೈರನ್ನು ಎಷ್ಟು ಮೆಲ್ಲಗೆ ಕಾಯಿಸಬೇಕು—ಇವುಗಳಲ್ಲಿದೆ ಎಲ್ಲ ವ್ಯತ್ಯಾಸ. ಅಭ್ಯಾಸಕ್ಕೆ ಸಿಗುವುದು ಮುಕ್ಕಾಲು ಗಂಟೆ ಮಾತ್ರ. ಆದ್ದರಿಂದ ಊರಿನಲ್ಲಿ ಲೆಕ್ಕಹಾಕಿ ತಂದ ಸಿದ್ಧತೆಯೇ ಮುಖ್ಯ. ಮೊನಾಕೊದಲ್ಲಂತೂ ಬೀದಿ ಇಕ್ಕಟ್ಟು. ಮುಂದೆ ನಿಂತವನನ್ನು ದಾಟುವುದು ದುಸ್ಸಾಧ್ಯ. ಶನಿವಾರದ ಚಿಕ್ಕ ಪಂದ್ಯದಲ್ಲಿ ಮೊದಲ ಹತ್ತು ಮಂದಿಯ ಸಾಲನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನಾಗಿದ್ದ ಮೈನಿಗೆ ಹೀಗೆ ಮುಂಚೂಣಿ ಸಿಕ್ಕಿತು; ಆತ ಅದನ್ನು ಕೊನೆಯವರೆಗೆ ಬಿಟ್ಟುಕೊಡಲಿಲ್ಲ. ಮರುದಿನದ ದೊಡ್ಡ ಪಂದ್ಯವನ್ನು ಇದೇ ತಂಡದ ಅಮೆರಿಕನ್ ಹುಡುಗ ಜ್ಯಾಕ್ ಕ್ರಾಫರ್ಡ್ ಗೆದ್ದ.

ಇನ್ನು ಹಣದ ಮಾತು. ಎಳೆಯರ ತಂಡಗಳಿಗೆ ಬಹುಮಾನದಿಂದ ಹೊಟ್ಟೆ ತುಂಬುವುದಿಲ್ಲ. ಚಾಲಕನೇ ತನ್ನ ಮನೆಯಿಂದಲೋ ಪೋಷಕರಿಂದಲೋ ಹಣ ತರಬೇಕು. ಬಡವರ ಮನೆಯ ಹುಡುಗನಿಗೆ ಈ ಆಟ ದೂರದ ಬೆಟ್ಟ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತಂಡವೂ ಬೇರೆ ದಾರಿಗಳನ್ನು ಹುಡುಕಬೇಕಾಗುತ್ತದೆ. ದ್ರಿಯೊ ಅವರು ಆಲೆಂ ಪ್ರೋಸ್ಟ್ ಜೊತೆ ಸೇರಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ತಂಡವನ್ನು ಕಟ್ಟಿದರು. 2014ರಲ್ಲಿ ಆರಂಭವಾದ ಆ ಪಂದ್ಯಮಾಲೆಯ ಮೊದಲ ಮೂರು ಹಂಗಾಮಿನಲ್ಲೂ ತಂಡಗಳ ಪ್ರಶಸ್ತಿ ಅದಕ್ಕೇ ಬಂತು. (ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಮಾಡಿದ ಮೈನಿ ಮನೆತನದವನೇ ನಮ್ಮ ಕುಶ್ ಎಂಬುದನ್ನು ಇಲ್ಲಿ ನೆನೆಯಬಹುದು.) ಮುಂದೆ ಆ ತಂಡವನ್ನು ನಿಸಾನ್ ಕಂಪೆನಿ ಕೊಂಡುಕೊಂಡಿತು.

2019ರ ಆಗಸ್ಟ್ ಆರಂಭದಲ್ಲಿ, ಹಂಗೆರಿಯ ಪಂದ್ಯದ ವಾರದಲ್ಲೇ, ಝಾನ್ ಪೋಲ್ ದ್ರಿಯೊ ತೀರಿಕೊಂಡರು. ತಂಡದವರು ಪಂದ್ಯ ಬಿಟ್ಟು ಊರಿಗೆ ಹೊರಡಲಿಲ್ಲ. ಕೆನಡಾದ ನಿಕೊಲಸ್ ಲತೀಫಿ ಆಗ ಅಲ್ಲಿ ನಾಲ್ಕನೆಯ ವರ್ಷ ಓಡುತ್ತಿದ್ದ. ಇವನಿಂದ ಆಗದು ಎಂದು ಹಲವರು ಕೈಬಿಟ್ಟಿದ್ದ ಹುಡುಗ. ಹಂಗೆರಿಯ ದೊಡ್ಡ ಪಂದ್ಯವನ್ನು ಅವನು ಗೆದ್ದ. ಆ ವರ್ಷ ತಂಡಗಳ ಪ್ರಶಸ್ತಿಯೂ ಡ್ಯಾಮ್ಸ್‌ಗೇ ಬಂತು. ಮುಂದಿನ ವರ್ಷ ಲತೀಫಿ ವಿಲಿಯಮ್ಸ್ ತಂಡ ಸೇರಿದ.

ದ್ರಿಯೊ ಅವರ ಇಬ್ಬರು ಮಕ್ಕಳು ಕೆಲಕಾಲ ತಂಡವನ್ನು ನಡೆಸಿ, 2022ರಲ್ಲಿ ಅದನ್ನು ಶಾರ್ಲ್ ಪಿಕ್ ಎಂಬವನಿಗೆ ವಹಿಸಿಕೊಟ್ಟರು. ಪಿಕ್ ಸ್ವತಃ ಚಾಲಕ. 2012 ಮತ್ತು 2013ರಲ್ಲಿ ಫಾರ್ಮುಲಾ ಒನ್‌ನ ಕೊನೆಯ ಸಾಲಿನ ತಂಡಗಳಲ್ಲಿ 39 ಪಂದ್ಯ ಓಡಿ, ಒಂದೂ ಅಂಕ ಗಳಿಸದೆ ಮರಳಿದವನು. ತಂಡವನ್ನು ಕೊಂಡ ಮೇಲೂ ಆತ ಅದರ ಹೆಸರನ್ನು ಬದಲಿಸಲಿಲ್ಲ.