ಕೆಟ್ಟ ನೀರಿನಲ್ಲಿ ಒಳ್ಳೆಯ ಬೀಜ
(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಜನರ ಮುಂದೆ ತರಕಾರಿ ಬೀಜದ ಮಾತೇಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಎಷ್ಟು ಜನರಿಗೆ ಊರಲ್ಲಿ ಎರಡೆಕರೆ ಹೊಲವಿಲ್ಲ? ಎಷ್ಟು ಮನೆಗಳ ಹೆಣ್ಣುಮಕ್ಕಳು ರಾಣೆಬೆನ್ನೂರು ಸೀಮೆಯಲ್ಲಿ ಟೊಮೇಟೊ, ಮೆಣಸಿನ ಮೊಗ್ಗು ಬಿಡಿಸಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೂಲಿಗೆ ಹೋಗುವುದಿಲ್ಲ? ಬೀಜದ ಪೊಟ್ಟಣ ಮಾರುವ ವರ್ತಕ ಬಂಧುಗಳೂ ಇಲ್ಲಿದ್ದಾರೆ. ಬೀಜ ಮೊಳೆಯದಿದ್ದರೆ ರೈತ ಬಂದು ನಿಲ್ಲುವುದು ಕಂಪೆನಿಯ ಬಾಗಿಲಿಗಲ್ಲ, ನಿಮ್ಮ ಅಂಗಡಿಯ ಬಾಗಿಲಿಗೆ.

ಪ್ರಮಾಣೀಕೃತ ಬೀಜದ ಕಟ್ಟಳೆಯಂತೆ 100 ಟೊಮೇಟೊ ಬೀಜದಲ್ಲಿ 70, ಬೆಂಡೆಯಲ್ಲಿ 65, ಮೆಣಸಿನಕಾಯಿಯಲ್ಲಿ 60 ಮೊಳೆಯಲೇಬೇಕು. ಕಡಿಮೆಯಾದರೆ ಲಾಟು ತಿರಸ್ಕೃತ. ಆಗ ಕೂಲಿ, ಗೊಬ್ಬರ, ಸಾಲದ ಬಡ್ಡಿ ಯಾರ ತಲೆಗೆ? ಬೆಳೆದವನ ತಲೆಗೆ. ಅವನು ದುಡಿಮೆಯಲ್ಲಿ ಕಳ್ಳತನ ಮಾಡಿರುವುದಿಲ್ಲ. ಎಷ್ಟೋ ಕಡೆ ಕಳ್ಳ ಇರುವುದು ಕೊಳವೆ ಬಾವಿಯ ನೀರಿನಲ್ಲಿ.

ಕೆಟ್ಟ ನೀರು ಎರಡು ಬಗೆ. ಒಂದು ಉಪ್ಪು ನೀರು. ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ, ಹೊಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಇನ್ನೊಂದು ಸೋಡದ ನೀರು, ಅಂದರೆ ಕ್ಷಾರದ ನೀರು. ಇದು ಮೋಸಗಾರ. ಅನೇಕ ವೇಳೆ ಸುಣ್ಣದಂಶ ಕಡಿಮೆಯಿರುವುದರಿಂದ ಇದರಲ್ಲಿ ಸಾಬೂನು ಚೆನ್ನಾಗಿ ನೊರೆಯಾಗುತ್ತದೆ. ಬಟ್ಟೆ ಒಗೆಯುವ ತಾಯಂದಿರು ಹೊಗಳುವ ನೀರನ್ನೇ ಎರೆಭೂಮಿ ಶಪಿಸುತ್ತದೆ! ನೀರಿನ ಸೋಡಿಯಂ ಮಣ್ಣಿನ ಕಣಕ್ಕೆ ಅಂಟಿಕೊಂಡು, ಅಲ್ಲಿದ್ದ ಕ್ಯಾಲ್ಸಿಯಮನ್ನು ಹೊರದೂಡುತ್ತದೆ. ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ನೀರು ನಿಂತಿರುತ್ತದೆ, ಕೆಳಗೆ ಬೇರಿಗೆ ಉಸಿರಿಲ್ಲ. ಹೂ ಉದುರುತ್ತದೆ, ಕ್ಯಾಲ್ಸಿಯಂ ಸಾಲದೆ ಟೊಮೇಟೊ ಹಣ್ಣಿನ ತಳ ಕಪ್ಪಾಗುತ್ತದೆ, ಬೀಜ ಜೊಳ್ಳಾಗುತ್ತದೆ. ಕ್ರಾಸಿಂಗ್ ಮಾಡಿದ ಹೂವೊಂದು ಉದುರಿದರೆ ಉದುರಿದ್ದು ಹೂವಲ್ಲ, ಕೂಲಿ.

ಇದಕ್ಕೆ ಮದ್ದು ಜಿಪ್ಸಂ. ಅದರ ಕ್ಯಾಲ್ಸಿಯಂ ಸೋಡಿಯಮನ್ನು ಎಬ್ಬಿಸಿ ತನ್ನ ಜಾಗಕ್ಕೆ ಕೂರುತ್ತದೆ. ಎದ್ದ ಸೋಡಿಯಂ ನೀರಿನೊಡನೆ ಕೆಳಗಿಳಿದು ಹೋಗಬೇಕು. ಆದುದರಿಂದ ಬಸಿಗಾಲುವೆಯಿಲ್ಲದ ಹೊಲಕ್ಕೆ ಜಿಪ್ಸಂ ಸುರಿಯುವುದು ದಂಡ. ಬರೀ ಉಪ್ಪು ನೀರಿಗೂ ಜಿಪ್ಸಂ ಮದ್ದಲ್ಲ. ಅಲ್ಲಿ ಬೇಕಾದದ್ದು ಬಸಿಯುವ ದಾರಿ, ಮಳೆನೀರಿನ ಬೆರಕೆ, ಮತ್ತು ಏರಿಯ ನೆತ್ತಿಯ ಮೇಲಲ್ಲದೆ ಪಕ್ಕೆಯಲ್ಲಿ ಸಸಿ ನೆಡುವುದು. ಏಕೆಂದರೆ ಉಪ್ಪು ನೆತ್ತಿಗೆ ಏರಿ ಕೂರುತ್ತದೆ. ಈ ಭೇದ ತಿಳಿಯದೆ ಚೀಲಗಟ್ಟಲೆ ಕೊಂಡವರಿದ್ದಾರೆ, ತಿಳಿಸದೆ ಮಾರಿದವರೂ ಇದ್ದಾರೆ.

ಎಷ್ಟು ಹಾಕಬೇಕು? ನಾವು ಹಿಂದೆ ಮೇಷ್ಟರಾಗಿದ್ದವರು, ಲೆಕ್ಕ ಬಿಡಲಾರೆವು. ನೀರಿನ ಪರೀಕ್ಷಾ ಚೀಟಿಯಲ್ಲಿ ಆರ್.ಎಸ್.ಸಿ. ಎಂಬ ಅಂಕಿಯಿರುತ್ತದೆ. ಅದು 2.5 ದಾಟಿದರೆ ನೀರು ಅಪಾಯದ್ದು. ಒಂದು ಅಂಕ ಇಳಿಸಲು ಲೀಟರಿಗೆ 86 ಮಿಲಿಗ್ರಾಂ ಶುದ್ಧ ಜಿಪ್ಸಂ ಬೇಕು. ಎಕರೆಗೆ ಎರಡಿಂಚು ನೀರೆಂದರೆ ಸುಮಾರು 2 ಲಕ್ಷ ಲೀಟರು. ಅಂಕಕ್ಕೆ 17 ಕಿಲೋ ಆಯಿತು. ಅಂಕಿ 5 ಇದ್ದರೆ 2.5ಕ್ಕೆ ಇಳಿಸಲು ಒಂದು ನೀರಿಗೆ 43 ಕಿಲೋ, ಹತ್ತು ನೀರಿಗೆ 430 ಕಿಲೋ. ಮಾಲು ನೂರಕ್ಕೆ 70 ಪಾಲು ಮಾತ್ರ ಶುದ್ಧವಾದರೆ 6 ಕ್ವಿಂಟಲಿಗೆ ಮೇಲು ಬೇಕು. ಚೀಲದ ಮೇಲಿನ ಶುದ್ಧತೆಯನ್ನು ಕೇಳದೆ ಕೊಳ್ಳಬೇಡಿ. ಹೊಲ ಈಗಾಗಲೇ ಕೆಟ್ಟಿದ್ದರೆ ಮಣ್ಣಿನ ಪರೀಕ್ಷೆಯಂತೆ ಬೇರೆಯೇ ಪ್ರಮಾಣ ಸೇರಬೇಕು.

ಜಿಪ್ಸಮನ್ನು ಮಳೆಗಾಲಕ್ಕೆ ಮುಂಚೆ ಹರಡಿ ಮೇಲಿನ ನಾಲ್ಕಿಂಚು ಮಣ್ಣಿನಲ್ಲಿ ಬೆರೆಸಿದರೆ ಮಳೆಯೇ ಅರ್ಧ ಕೆಲಸ ಮಾಡುತ್ತದೆ. ಕಾಲುವೆಯ ದಾರಿಯಲ್ಲಿ ತೊಟ್ಟಿ ಕಟ್ಟಿ, ಜಿಪ್ಸಂ ಹೆಂಟೆ ತುಂಬಿ, ಅದರ ಮೂಲಕ ನೀರು ಹಾಯಿಸುವ ಕ್ರಮವೂ ಉಂಟು. ಹನಿ ನೀರಾವರಿಯ ಕೊಳವೆಗೆ ಮಾತ್ರ ಪುಡಿ ಬಿಡಬೇಡಿ, ಕಟ್ಟಿಕೊಳ್ಳುತ್ತದೆ. ಜೊತೆಗೆ ಕೊಟ್ಟಿಗೆ ಗೊಬ್ಬರ, ಸೆಣಬಿನ ಹಸಿರೆಲೆ ಗೊಬ್ಬರ ಇರಲಿ. ಕೃಷಿ ಹೊಂಡದಲ್ಲಿ ಮಳೆನೀರು ಸ್ವಲ್ಪವೇ ಇದ್ದರೆ ಅದನ್ನು ಸಸಿಮಡಿಗೂ ಹೂ ಬಿಡುವ ಕಾಲಕ್ಕೂ ಮೀಸಲಿಡಿ. ಹುರುಳಿಕಾಯಿ, ಈರುಳ್ಳಿ, ಮೆಣಸು ಉಪ್ಪಿಗೆ ಬೇಗ ಸೋಲುತ್ತವೆ; ಟೊಮೇಟೊ ತುಸು ತಾಳುತ್ತದೆ, ಬೀಟ್‌ರೂಟ್ ಇನ್ನೂ ತಾಳುತ್ತದೆ.

ನಾವು ಕೇಳುವುದು ಎರಡೇ. ಒಪ್ಪಂದಕ್ಕೆ ರುಜು ಹಾಕಿಸಿಕೊಳ್ಳುವ ಮೊದಲು ಕಂಪೆನಿ ತನ್ನ ಖರ್ಚಿನಲ್ಲಿ ನೀರು ಪರೀಕ್ಷೆ ಮಾಡಿಸಲಿ; ಜಿಪ್ಸಂ ಸೊಸೈಟಿಯಲ್ಲಿ ಹಂಗಾಮಿಗೆ ಮುಂಚೆ ಸಿಗಲಿ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಅಭ್ಯಾಸ ವರ್ಷಗಳಿಂದ ನಡೆದಿದೆ. ಆ ವಿದ್ಯೆ ವರದಿಯ ಕಪಾಟಿನಲ್ಲಿ ಕುಳಿತರೆ ಎರಡೆಕರೆಯವನಿಗೆ ಬಂದ ಭಾಗ್ಯವೇನು?

ಮುಂದಿನ ಭಾನುವಾರ ಊರಿಗೆ ಹೋದವರು ಪಂಪನ್ನು ಅರ್ಧ ಗಂಟೆ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿತನಕ ತುಂಬಿ, ಸರ್ವೆ ನಂಬರು ಬರೆದು ತನ್ನಿ. ಸೋಮವಾರ ಎಲ್ಲವನ್ನೂ ಒಟ್ಟಿಗೆ ಪ್ರಯೋಗಶಾಲೆಗೆ ಒಯ್ಯೋಣ.