ಕಟ್ಟು ಬಿಚ್ಚಬಹುದಾ ಮಿಸ್?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಟಕರು ಫೋನ್ ಮಾಡಿ, "ನೀವು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ತಂತ್ರಜ್ಞಾನ ಮತ್ತು ಶಿಕ್ಷಣ ಅಂತ ಹತ್ತು ನಿಮಿಷ ಮಾತಾಡಿ" ಎಂದರು. ಒಪ್ಪಿಕೊಂಡೆ. ಆಮೇಲೆ ಆಹ್ವಾನ ಪತ್ರಿಕೆ ಬಂತು. ಐವತ್ತು ವರ್ಷಗಳಲ್ಲಿ ಈ ಹೈಸ್ಕೂಲಿನಲ್ಲಿ ದುಡಿದ ಶಿಕ್ಷಕರಿಗೆಲ್ಲ ಸನ್ಮಾನ ಇದೆ ಎಂದು ನೋಡಿ ಬಹಳ ಸಂತೋಷವಾಯಿತು. ಆದರೆ ನಾವ್ಯಾರೂ ಎಂಟನೇ ತರಗತಿಗೆ ಆಕಾಶದಿಂದ ಉದುರಿದವರಲ್ಲ. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಂದ ಟಿ.ಸಿ. ಹಿಡಿದು ಬಂದವರು. ಆ ಟಿ.ಸಿ. ಬರೆದು ಕೊಟ್ಟವರ ಬಗ್ಗೆ ಇವತ್ತು ಮಾತಾಡುತ್ತೇನೆ. ತಂತ್ರಜ್ಞಾನವೂ ನಡುವೆ ಬರುತ್ತದೆ, ನನ್ನ ತಪ್ಪಿನ ಲೆಕ್ಕದಲ್ಲಿ.

ನನ್ನ ಅಕ್ಕ ನಮ್ಮ ಹೋಬಳಿಯಲ್ಲೇ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. 2022ರ ಮಳೆಗಾಲದಲ್ಲಿ ನಾನು ಅವಳ ಮನೆಯಲ್ಲಿದ್ದೆ. ನಮಗಿನ್ನೂ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇತ್ತು. ಅವಳ ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ಶಾಲೆ ದಿಬ್ಬದ ಮೇಲಿದ್ದುದರಿಂದ ಅಲ್ಲಿ ಚೆನ್ನಾಗಿ ಸಿಗುತ್ತಿತ್ತು. ಹೆಡ್‌ಮಾಸ್ಟರು ದೊಡ್ಡ ಮನಸ್ಸು ಮಾಡಿ ಜಗಲಿಯಲ್ಲಿ ಒಂದು ಬೆಂಚು ಬಿಟ್ಟುಕೊಟ್ಟರು. ನನ್ನ ಮೀಟಿಂಗ್‌ಗಳೆಲ್ಲ ಅಮೆರಿಕದವರ ಜೊತೆ, ಸಂಜೆ ಮೇಲೆ. ಹಗಲಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಪಕ್ಕದ ಕೋಣೆಯ ಪಾಠ ಕೇಳುತ್ತ ಕೂರುತ್ತಿದ್ದೆ.

ಒಂದರಿಂದ ಏಳನೇ ತರಗತಿವರೆಗೆ 58 ಮಕ್ಕಳು, ಹೆಡ್‌ಮಾಸ್ಟರೂ ಸೇರಿ ನಾಲ್ಕು ಜನ ಶಿಕ್ಷಕರು. ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂತು ನಲಿ-ಕಲಿ. ನಾಲ್ಕು ಮತ್ತು ಐದು ಅಕ್ಕನದು, ಒಂದೇ ಕೋಣೆ. ಜೊತೆಗೆ ಆರು, ಏಳಕ್ಕೆ ಗಣಿತ, ವಿಜ್ಞಾನವೂ ಅವಳದೇ. ಅಂದರೆ ನಾಲ್ಕನೆಯವರಿಗೆ ಲೆಕ್ಕ ಕೊಟ್ಟು ಐದನೆಯವರಿಗೆ ಪಾಠ, ಐದನೆಯವರಿಗೆ ಬರೆಯಲು ಹೇಳಿ ನಾಲ್ಕನೆಯವರ ಲೆಕ್ಕ ನೋಡುವುದು. ಅಷ್ಟರಲ್ಲಿ ಆರನೆಯವರು ಬಂದು, "ಮಿಸ್, ನಮ್ಗೆ ಯಾರೂ ಇಲ್ಲ" ಅಂತ ಬಾಗಿಲಲ್ಲಿ ನಿಲ್ಲುವುದು.

ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ, ಹಾಜರಿ. ಹಾಲಿನ ಪುಡಿ ಕಲಸಿ ತಲಾ 150 ಮಿ.ಲೀ. ಹಾಲು ಕೊಡಬೇಕು, ಲೋಟ ತಾರದವನಿಗೆ ಲೋಟ ಹುಡುಕಬೇಕು. ಅಡುಗೆಯವರಿಗೆ ಇವತ್ತಿನ ಹಾಜರಿ ಹೇಳಿ ಅಕ್ಕಿ, ಬೇಳೆ ತೂಗಿ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಿ ಸಹಿ ಹಾಕಬೇಕು. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಬೇಕೆನ್ನುವವರೆಷ್ಟು ಎಂಬ ಪಟ್ಟಿ ಬೇರೆ. ನಾನು ಪ್ರೈಮರಿಯಲ್ಲಿದ್ದಾಗ ಬಿಸಿಯೂಟ ಇರಲಿಲ್ಲ, ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು. ಹಸಿದು ಕೂತು ಮಧ್ಯಾಹ್ನದ ಪಾಠ ಕೇಳಿದವನು ನಾನು. ಹಾಗಾಗಿ ಅನ್ನ ಬಡಿಸುವ ಕೆಲಸವನ್ನು ಹೊರೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅಕ್ಕನೂ ಹಾಗೆ ಹೇಳುವವಳಲ್ಲ. ಅವಳಿಗೆ ಕಷ್ಟವಾಗುತ್ತಿದ್ದುದು ಬೇರೆ.

ಆ ವರ್ಷ ರಾಜ್ಯದಲ್ಲೆಲ್ಲ ಕಲಿಕಾ ಚೇತರಿಕೆ ನಡೆಯುತ್ತಿತ್ತು. ಕೊರೊನಾದಿಂದ ಎರಡು ವರ್ಷ ಶಾಲೆ ಸರಿಯಾಗಿ ನಡೆದಿರಲಿಲ್ಲ. ಮೂರನೇ ತರಗತಿಯಲ್ಲಿ ಇರಬೇಕಾದ ದಿನಗಳನ್ನು ತೆಂಗಿನ ತೋಟದಲ್ಲಿ, ಕುರಿಗಳ ಹಿಂದೆ ಕಳೆದ ಮಕ್ಕಳು ಐದನೇ ತರಗತಿಯಲ್ಲಿ ಬಂದು ಕೂತಿದ್ದರು. ಅವರಲ್ಲಿ ಒಬ್ಬ ಹುಡುಗ. 43ರಲ್ಲಿ 17 ಕಳೆ ಅಂದರೆ 34 ಅಂತ ಬರೆಯುತ್ತಿದ್ದ. ಪ್ರತಿ ಸಲವೂ 34.

ಒಂದು ದಿನ ಅಕ್ಕ ಏಳನೆಯವರ ಹತ್ತಿರ ಹೋಗಿದ್ದಾಗ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ಹೇಳಿಕೊಟ್ಟೆ. ಬಿಡಿಯಲ್ಲಿ ಮೂರಿದೆ, ಏಳು ಕಳೆಯಲು ಆಗಲ್ಲ, ಅದಕ್ಕೆ ಪಕ್ಕದ ಮನೆಯಿಂದ ಒಂದು ಸಾಲ ತಗೋ. ಮೂರು ಸಲ ಹೇಳಿದೆ. ಮೂರು ಸಲವೂ ಚೆನ್ನಾಗಿ ತಲೆ ಆಡಿಸಿದ. ಆಮೇಲೆ 34 ಬರೆದ. ಇವನಿಗೆ ತಲೆಗೆ ಹತ್ತುವುದಿಲ್ಲ ಅಂತ ನಾನು ತೀರ್ಮಾನ ಮಾಡಿದೆ. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಕ್ಕ ಬಂದಳು. ತಪ್ಪು ಅನ್ನಲಿಲ್ಲ. "ಹೆಂಗೆ ಮಾಡ್ದೆ ಹೇಳು" ಅಂದಳು. "ಏಳ್ರಾಗೆ ಮೂರು ಹೋದ್ರೆ ನಾಕು, ನಾಕ್ರಾಗೆ ಒಂದು ಹೋದ್ರೆ ಮೂರು" ಅಂದ. ನೋಡಿ, ಅವನು ಕಳೆಯುವುದನ್ನು ಸರಿಯಾಗಿಯೇ ಮಾಡುತ್ತಿದ್ದ, ದೊಡ್ಡದರಲ್ಲಿ ಚಿಕ್ಕದನ್ನು! ನಾನು ಅವನನ್ನು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಅಕ್ಕ ತೆಂಗಿನ ಗರಿ ಕಡ್ಡಿಗಳ ಡಬ್ಬ ತಂದಳು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಬಿಡಿ ಮೂರು. "ಇದ್ರಲ್ಲಿ ಹದಿನೇಳು ನಂಗೆ ಕೊಡು." ಅವನು ಒಂದು ಕಟ್ಟು ಕೊಟ್ಟ. ಬಿಡಿ ಮೂರೂ ಕೊಟ್ಟ. ಇನ್ನೂ ನಾಲ್ಕು ಬೇಕು. ಇನ್ನೊಂದು ಕಟ್ಟನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸುತ್ತ ಕೂತ. ಅಕ್ಕ ಮಾತಾಡಲಿಲ್ಲ. ನನಗೆ ತಡೆಯಲಾಗದೆ ಬಾಯಿ ತೆರೆದೆ, ಅವಳು ಕಣ್ಣಲ್ಲೇ ಗದರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ:

"ಕಟ್ಟು ಬಿಚ್ಬೋದಾ ಮಿಸ್?"

ಎರಡು ವರ್ಷದಿಂದ ಅವನಿಗೆ ಅಡ್ಡ ನಿಂತಿದ್ದುದು ಅದು. ಹತ್ತರ ಕಟ್ಟನ್ನು ಬಿಚ್ಚಲು ಅನುಮತಿ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಸರಿಯಾಗಿ ಆಗ ಅಕ್ಕನ ಫೋನ್ ಬಡಿದುಕೊಂಡಿತು. ವಾಟ್ಸ್ಯಾಪ್ ಗುಂಪಿನಲ್ಲಿ 'ಅತಿ ತುರ್ತು': ಮಕ್ಕಳ ಆಧಾರ್, ಬ್ಯಾಂಕ್ ಖಾತೆ ಹೆಸರು ಹೊಂದಿಕೆಯಾಗದವರ ಪಟ್ಟಿ, ಹನ್ನೆರಡು ಗಂಟೆಯೊಳಗೆ. ಹಿಂದಿನ ತಿಂಗಳು ಕೊಟ್ಟಿದ್ದ ಪಟ್ಟಿಯೇ, ಕಾಲಂ ಮಾತ್ರ ಬೇರೆ. ಹೆಡ್‌ಮಾಸ್ಟರು ಸಭೆಗೆ ಹೋಗಿದ್ದರು. ಅಕ್ಕ ಎದ್ದು ಆಫೀಸ್ ರೂಮಿಗೆ ಹೋದಳು. ವಾಪಸ್ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು. ಹುಡುಗ ಆ ಕಟ್ಟನ್ನು ಹಾಗೇ ಡಬ್ಬಕ್ಕೆ ಇಟ್ಟು ತಟ್ಟೆ ಹಿಡಿದು ಓಡಿದ್ದ. ಬಿಚ್ಚಿರಲಿಲ್ಲ. ಮಿಸ್ ಹೂಂ ಅಂದಿರಲಿಲ್ಲವಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೆ ಮಾಹಿತಿ ಕೊಡುವುದನ್ನು ಯಾರೂ ಕೆಲಸ ಅಂತಲೇ ಕರೆಯುವುದಿಲ್ಲ. "ಐದು ನಿಮಿಷದ್ದು ಮೇಡಂ" ಅನ್ನುತ್ತಾರೆ. ಹೌದು, ಐದೇ ನಿಮಿಷ. ಯಾವ ಐದು ನಿಮಿಷ ಅನ್ನುವುದು ಕೇಳುವವರಿಗೆ ಕಾಣುವುದಿಲ್ಲ.

ಇನ್ನು ನನ್ನ ಪಾಲು. 2019ರಲ್ಲಿ ನಾನೂ ನಾಲ್ವರು ಗೆಳೆಯರೂ ವಾರಾಂತ್ಯದ ಸೇವೆ ಅಂತ ಶಾಲೆಗಳಿಗಾಗಿ ಒಂದು ಆ್ಯಪ್ ಮಾಡಿದ್ದೆವು. ಬೇರೆ ಜಿಲ್ಲೆಯ ಕೆಲವು ಶಾಲೆಗಳಲ್ಲಿ ಬಳಸುತ್ತಿದ್ದರು. ಶಿಕ್ಷಕರು ವಾರಕ್ಕೊಮ್ಮೆ ಪ್ರತಿ ಮಗುವಿನ ಕಲಿಕಾ ಮಟ್ಟ ತುಂಬಬೇಕು. ಮಗುವಿಗೆ 14 ಕಾಲಂ, ಎಲ್ಲವೂ ಕಡ್ಡಾಯ. ತುಂಬದಿದ್ದರೆ ಕೆಂಪು ಬಣ್ಣದ ನೆನಪೋಲೆ. ಆ ಕೆಂಪು ಬಣ್ಣ ಆರಿಸಿದವನು ನಾನೇ. ಅದರ ಗ್ರಾಫ್‌ಗಳನ್ನು ತೋರಿಸಿ ಆಫೀಸಿನಲ್ಲಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಆ ರಾತ್ರಿ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಅಕ್ಕನ ಶಾಲೆಯ 58 ಮಕ್ಕಳಿಗೆ 14 ಅಂದರೆ 812 ಉತ್ತರ. ಒಂದಕ್ಕೆ ಐದು ಸೆಕೆಂಡ್ ಅಂದರೂ ಒಂದು ಗಂಟೆ ಮೀರುತ್ತದೆ, ಅದೂ ನೆಟ್‌ವರ್ಕ್ ಒಮ್ಮೆಯೂ ಕೈಕೊಡದಿದ್ದರೆ. ಅಕ್ಕ ನೋಟ್ಸ್ ತಿದ್ದುತ್ತಿದ್ದಳು. ಆ್ಯಪ್ ತೋರಿಸಿದೆ. ಎರಡು ಮೂರು ಪುಟ ಸರಿಸಿ ನೋಡಿ, "ಚೆನ್ನಾಗಿದೆ ಕಣೋ. ಇಷ್ಟು ತುಂಬಿದ್ರೆ ನಂಗೇನು ವಾಪಸ್ ಬರುತ್ತೆ?" ಅಂದಳು.

ಏನೂ ಬರುತ್ತಿರಲಿಲ್ಲ. ಬಂದದ್ದೆಲ್ಲ ನಮ್ಮ ಗ್ರಾಫಿಗೆ ಹೋಗುತ್ತಿತ್ತು. 34 ಬರೆಯುವ ಹುಡುಗ ಅದರಲ್ಲಿ 'ವ್ಯವಕಲನ: ಸಾಧಿಸಿಲ್ಲ' ಅಂತ ಒಂದು ಚುಕ್ಕೆ ಆಗುತ್ತಿದ್ದ. ಅವನು ಯಾಕೆ 34 ಬರೆಯುತ್ತಾನೆ ಅನ್ನುವುದಕ್ಕೆ ನಮ್ಮ 14ರಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಗೆಳೆಯರ ಜೊತೆ ಜಗಳವಾಡಿ 14 ಅನ್ನು 4 ಮಾಡಿಸಿದೆ. ಮುಂದಿನ ವರ್ಷ ಆ್ಯಪ್ ನಿಂತೇ ಹೋಯಿತು. ಯಾಕೆ ನಿಂತಿತು ಅಂತ ಒಂದು ಶಾಲೆಯಿಂದಲೂ ಫೋನ್ ಬರಲಿಲ್ಲ.

ಮರುದಿನ ಅಕ್ಕ ಹಾಜರಿ ಮುಗಿಸಿದವಳೇ ಫೋನನ್ನು ಬೀರುವಿನೊಳಗಿಟ್ಟು ಡಬ್ಬ ತೆಗೆದಳು. "ನಿನ್ನೆ ಏನೋ ಕೇಳ್ದಲ್ಲ, ಬಿಚ್ಚು" ಅಂದಳು. ಅವನು ಬಿಚ್ಚಿದ, ಎಣಿಸಿದ, ಎರಡು ಕಟ್ಟು ಆರು ಕಡ್ಡಿ ಉಳಿಯಿತು. ಆಮೇಲೆ ಖುಷಿಗೆ ಡಬ್ಬದಲ್ಲಿದ್ದ ಕಟ್ಟುಗಳನ್ನೆಲ್ಲ ಬಿಚ್ಚಿಹಾಕಿದ. ಅವನ್ನು ಮತ್ತೆ ಹತ್ತು ಹತ್ತಾಗಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಬಿ.ಇ. ಆ ಶಾಲೆಗೆ ಉಪಯೋಗವಾದದ್ದು ಅಷ್ಟೇ.

ಆ ಹುಡುಗ ಈ ವರ್ಷ ನಮ್ಮ ಹೈಸ್ಕೂಲಿಗೆ ಎಂಟನೇ ತರಗತಿಗೆ ಸೇರಿದ್ದಾನೆ. ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಇಲ್ಲಿ ಕುರ್ಚಿ ಹಾಕುತ್ತಿದ್ದವರಲ್ಲಿ ಒಬ್ಬ. ಕಂಡು ಮಾತಾಡಿಸಿದೆ, ಗಣಿತ ಹೇಗಿದೆ ಅಂದೆ. "ಬೀಜಗಣಿತ ಕಷ್ಟ ಸಾರ್" ಅಂದ. ನಮ್ಮ ಗಣಿತ ಮೇಷ್ಟ್ರು ಗಮನಿಸಬೇಕು.

ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಸ್ಮಾರ್ಟ್ ಟಿ.ವಿ. ಕೊಡುವ ಪ್ರಸ್ತಾಪ ಇದೆಯೆಂದು ಕೇಳಿದೆ. ಕೊಡುವ ಮೊದಲು ಆ ಶಾಲೆಗಳ ಶಿಕ್ಷಕರನ್ನು ಒಂದು ದಿನ ಕರೆದು ಏನು ಬೇಕು ಅಂತ ಕೇಳೋಣ. ಅಕ್ಕನನ್ನು ಕೇಳಿದ್ದೇನೆ. ಒಂದು ಜೆರಾಕ್ಸ್ ಯಂತ್ರ ಬೇಕಂತೆ. ಕಲಿಕಾ ಹಾಳೆ ಸಾಲದೆ ಬಂದಾಗ ಪೇಟೆಗೆ ಹೋಗಿ ಕೈಯಿಂದ ದುಡ್ಡು ಹಾಕಿ ಪ್ರತಿ ಮಾಡಿಸುತ್ತಾರೆ. ಜೊತೆಗೆ ತಿಂಗಳಿಗೆ ಎರಡು ದಿನ ಯಾರಾದರೂ ತಿಳಿದವರು ಬಂದು, ಹೆಡ್‌ಮಾಸ್ಟರ ಎದುರಿಗೇ ಕೂತು ಈ ಪಟ್ಟಿಗಳ ಟೈಪಿಂಗ್ ಮಾಡಿಕೊಟ್ಟರೆ ಸಾಕಂತೆ. ಊರಿಗೆ ಬರುವ ಶನಿವಾರಗಳಲ್ಲಿ ನಾನು ಒಂದು ಶಾಲೆ ನೋಡಿಕೊಳ್ಳುತ್ತೇನೆ. ಕಾರ್ಯದರ್ಶಿಗಳು ನನ್ನ ಹೆಸರು ಬರೆದುಕೊಳ್ಳಲಿ. ಇನ್ನೂ ನಾಲ್ಕೈದು ಹೆಸರು ಬೇಕಾಗುತ್ತದೆ.

ಹತ್ತು ನಿಮಿಷ ಎಂದಿದ್ದರು, ಮೀರಿದ್ದೇನೆ. ಹಿಂದಿನ ಸಾಲಿನಲ್ಲಿ ಅಕ್ಕ ಗಡಿಯಾರ ನೋಡುತ್ತಿದ್ದಾಳೆ.